ವ್ರೊತ್ಸ್ವಾಫ್‌ನಿಂದ ಒಂದು ದಿನದ ಪಿಯಾಸ್ಟ್ ಪ್ರವಾಸ: ಅಣ್ಣತಮ್ಮಂದಿರ ಪಾಲಿನ ಕತೆಗೆ ಐದಕ್ಕೆ ನಾಲ್ಕೂವರೆ

ಅಪ್ಪ ಹಾಸನದಿಂದ ಬಂದು ಒಂದೂವರೆ ತಿಂಗಳಾಗಿತ್ತು. ಪೋಲೆಂಡಿನ ವ್ರೊತ್ಸ್ವಾಫ್‌ನ ದೊಡ್ಡ ಚೌಕ, ಓಡ್ರಾ ನದಿ ದಂಡೆ, ಬೀದಿ ಬೀದಿಯಲ್ಲಿ ನಿಂತಿರುವ ಕಂಚಿನ ಕುಳ್ಳರು, ಎಲ್ಲ ಎರಡೆರಡು ಸಲ ನೋಡಿ ಮುಗಿದಿತ್ತು. "ಚರ್ಚು ತೋರಿಸಿದ್ದು ಸಾಕು ಕಣಮ್ಮ, ಯಾವುದಾದರೂ ಕತೆ ಇರೋ ಕಡೆ ಕರ್ಕೊಂಡು ಹೋಗು" ಅಂದರು. ಆಗ ಸಹೋದ್ಯೋಗಿಯೊಬ್ಬಳು ಈ ಪ್ರವಾಸದ ಬಗ್ಗೆ ಹೇಳಿದಳು. ನಿವೃತ್ತ ಇತಿಹಾಸ ಟೀಚರ್ ಒಬ್ಬರು ತಾವೇ ನಡೆಸುವುದು. ಶನಿವಾರ ಮಾತ್ರ, ಎಂಟು ಸೀಟಿನ ವ್ಯಾನು, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ, ತಲೆಗೆ 290 ಝ್ಲೋಟಿ, ಊಟದ ಖರ್ಚು ನಮ್ಮದೇ. ಪೋಲೆಂಡಿನ ಹಳೆಯ ಪಿಯಾಸ್ಟ್ ಮನೆತನದ ಡ್ಯೂಕರು ಅಪ್ಪನ ನೆಲವನ್ನು ಹೇಗೆ ಪಾಲು ಮಾಡಿಕೊಂಡರು ಅನ್ನುವುದೊಂದೇ ವಿಷಯ, ಇಡೀ ದಿನ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾಯಿತು. ನಾಲ್ಕು ವರ್ಷದಿಂದ ಈ ಊರಲ್ಲಿದ್ದೇನೆ, ಪಿಯಾಸ್ಟ್ ಅನ್ನುವ ಹೆಸರನ್ನು ಬಿಯರ್ ಬಾಟಲಿ ಮೇಲೆ ಮತ್ತು ರಸ್ತೆ ಬೋರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಗಮನಿಸಿರಲಿಲ್ಲ. ಈಗ ರಸ್ತೆಯಲ್ಲಿ ಹೋಗುವಾಗ ಹೆಸರು ನೋಡಿದರೆ ಯಾರ ಮಗ, ಯಾರ ತಮ್ಮ ಅಂತ ಹೇಳಬಲ್ಲೆ.

ಗೈಡ್ ಅವರನ್ನು ಇಲ್ಲಿನ ರೂಢಿಯಂತೆ ಪಾನಿ ಅಂತಲೇ ಕರೆಯಬೇಕು, ನಾವು ಮೇಡಂ ಅನ್ನುವ ಹಾಗೆ. ಎಪ್ಪತ್ತರ ಆಸುಪಾಸು, ಗಟ್ಟಿ ಗಂಟಲು, ಇಂಗ್ಲಿಷ್ ನಿಧಾನ ಆದರೆ ಸ್ಪಷ್ಟ. ನಾವಿಬ್ಬರು, ಇಲ್ಲಿಯವರೇ ಆದ ವಯಸ್ಸಾದ ದಂಪತಿ, ಜರ್ಮನಿಯಿಂದ ಬಂದಿದ್ದ ಅಕ್ಕತಂಗಿಯರು, ಇಷ್ಟೇ ಜನ. ಅವರ ಕೈಚೀಲದಿಂದ ಮೊದಲು ಹೊರಗೆ ಬಂದದ್ದು ಒಂದು ಲಿನನ್ ಬಟ್ಟೆ. ಅದರ ಮೇಲೆ ಓಡ್ರಾ, ವಿಸ್ತುಲಾ ನದಿಗಳನ್ನು ನೀಲಿ ದಾರದಲ್ಲಿ ಹೊಲಿದಿದ್ದಾರೆ, ಊರುಗಳಿಗೆ ಕಪ್ಪು ಗಂಟು. ಆಮೇಲೆ ಒಂದು ಡಬ್ಬಿ ತುಂಬಾ ಗುಂಡಿಗಳು. ಕೋಟಿನ ಗುಂಡಿ, ಅಂಗಿಯ ಗುಂಡಿ, ಒಂದೊಂದು ಒಂದೊಂದು ಬಣ್ಣ. ಒಬ್ಬೊಬ್ಬ ಡ್ಯೂಕನಿಗೆ ಒಂದೊಂದು ಗುಂಡಿ. ಇಡೀ ದಿನದ ಪಾಠ ಆ ಬಟ್ಟೆಯ ಮೇಲೆಯೇ ನಡೆಯಿತು, ವ್ಯಾನಿನಲ್ಲಿ ತೊಡೆ ಮೇಲೆ ಹಾಸಿಕೊಂಡು, ಊಟದ ಮೇಜಿನ ಮೇಲೆ ತಟ್ಟೆ ಸರಿಸಿಕೊಂಡು.

ಕತೆಯನ್ನು ಅವರು ಶುರು ಮಾಡಿದ ಜಾಗ ನನಗೆ ಬಹಳ ಹಿಡಿಸಿತು. ಎಲ್ಲರೂ ಪಾಲಾದ ವರ್ಷ 1138ರಿಂದ ಶುರು ಮಾಡುತ್ತಾರೆ. ಇವರು ಅದಕ್ಕಿಂತ ಹಿಂದಕ್ಕೆ ಹೋದರು. ಪೋಲೆಂಡಿನ ದೊರೆ, ಸೊಟ್ಟಬಾಯಿ ಬೊಲೆಸ್ಲಾವ್ ಅಂತ ಕರೆಸಿಕೊಂಡ ಮೂರನೇ ಬೊಲೆಸ್ಲಾವ್‌ಗೆ ಒಬ್ಬ ಮಲ ಅಣ್ಣನಿದ್ದ, ಝ್ಬಿಗ್ನ್ಯೆಫ್. ಅಪ್ಪ ಇಬ್ಬರಿಗೂ ನೆಲ ಹಂಚಿಕೊಟ್ಟಿದ್ದ. ಇಬ್ಬರೂ ಕಾದಾಡಿದರು. ತಮ್ಮ ಗೆದ್ದ, ಅಣ್ಣನನ್ನು ದೇಶದಿಂದ ಓಡಿಸಿದ. ಅಣ್ಣ ಜರ್ಮನ್ ದೊರೆಯ ದಂಡಿನ ಜೊತೆ 1109ರಲ್ಲಿ ಬಂದ. ಕೊನೆಗೆ ರಾಜಿಯಾಗಿ ಅಣ್ಣ ಮನೆಗೆ ಮರಳಿದ ಮೇಲೆ, 1112ರ ಸುಮಾರಿಗೆ, ತಮ್ಮ ಅವನ ಕಣ್ಣು ಕೀಳಿಸಿದ. ಆ ಪಾಪಕ್ಕೆ ಹಂಗೇರಿಯವರೆಗೆ ಹೋಗಿ ಪ್ರಾಯಶ್ಚಿತ್ತ ಮಾಡಿಕೊಂಡು ಬಂದ. ಪಾನಿ ಅಲ್ಲಿಗೆ ನಿಲ್ಲಿಸಿ, ಒಂದು ಗುಂಡಿಯನ್ನು ಬಟ್ಟೆಯಿಂದ ತೆಗೆದು ಡಬ್ಬಿಗೆ ಹಾಕಿ, "ಈ ಮನುಷ್ಯ ಸಾಯುವಾಗ ತನ್ನ ಮಕ್ಕಳ ಬಗ್ಗೆ ಏನು ಯೋಚಿಸಿರಬಹುದು ಅಂತ ಮನಸ್ಸಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ" ಅಂದರು.

ಇದೊಂದು ಮಾತಿನಿಂದಲೇ ಇಡೀ ಕತೆ ತಿರುಗಿಬಿಟ್ಟಿತು ನನಗೆ. ರಾಜ್ಯ ಒಡೆದ ದಡ್ಡ ಅಂತ ಬೈಯುವವರೇ ಜಾಸ್ತಿ ಅವನನ್ನು. ಆದರೆ ಒಡಹುಟ್ಟಿದವರು ಏನೇನು ಮಾಡಬಲ್ಲರು ಅನ್ನುವುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ತನ್ನ ಕೈಯಾರೆ ಮಾಡಿದ್ದನಲ್ಲ. ಮಕ್ಕಳಿಗೆ ಹಾಗಾಗದಿರಲಿ ಅಂತಲೇ ಬದುಕಿರುವಾಗ ಪಾಲು ಗೊತ್ತು ಮಾಡಿದ.

ಪಾಲು ಹೀಗೆ. 1138ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಮೊದಲ ಹೆಂಡತಿ ಕೀವ್ ಕಡೆಯವಳು, ಅವಳ ಮಗ ವ್ಲಾಡಿಸ್ಲಾವ್ ಎಲ್ಲರಿಗಿಂತ ದೊಡ್ಡವನು, ಅವನಿಗೆ ಸಿಲೇಸಿಯಾ, ಅಂದರೆ ವ್ರೊತ್ಸ್ವಾಫ್ ಇರುವ ಈ ಸೀಮೆ. ಎರಡನೇ ಹೆಂಡತಿ ಸಲೊಮೆಯಾ, ಜರ್ಮನ್ ಸೀಮೆಯವಳು. ಅವಳ ಮಕ್ಕಳಲ್ಲಿ ಗುಂಗುರುಕೂದಲ ಬೊಲೆಸ್ಲಾವ್‌ಗೆ ಮಾಝೋವಿಯಾ, ಮ್ಯೆಷ್ಕೊಗೆ ಪೊಝ್ನಾನ್ ಕಡೆಯ ನೆಲ, ಹೆನ್ರಿಕ್‌ಗೆ ಸಂದೊಮಿಯೆಶ್. ವಿಧವೆ ಸಲೊಮೆಯಾಗೆ ಬದುಕಿರುವವರೆಗೆ ವೆಂಚಿತ್ಸಾ. ಇದರ ಮೇಲೆ ಕ್ರಾಕುಫ್ ಮತ್ತು ಅದರ ಸುತ್ತಲಿನ ಸೀಮೆ ಯಾರ ಸ್ವಂತವೂ ಅಲ್ಲ, ಮನೆತನದಲ್ಲಿ ಯಾವಾಗ ಯಾರು ಹಿರೀಕನೋ ಅವನದು. ಉಳಿದವರು ಅವನ ಮಾತು ಕೇಳಬೇಕು. ನಮ್ಮಲ್ಲಿ ಮೂಲ ಮನೆ ಹಿರಿಯಣ್ಣನಿಗೆ ಅಂತ ಬಿಡುತ್ತಾರಲ್ಲ, ಹಾಗೇ ಅಂದುಕೊಂಡರು ಅಪ್ಪ. ಆದರೆ ಒಂದು ವ್ಯತ್ಯಾಸ ಇದೆ ಅಂತ ಪಾನಿ ತಿದ್ದಿದರು. ಹಿರಿಯಣ್ಣ ಸತ್ತರೆ ಅದು ಅವನ ಮಗನಿಗೆ ಹೋಗುವುದಿಲ್ಲ, ಮುಂದಿನ ತಮ್ಮನಿಗೆ ಹೋಗುತ್ತದೆ. ಜಗಳದ ಬೀಜ ಅಲ್ಲೇ ಇದೆ ನೋಡಿ. ಯಾವ ತಂದೆ ತನ್ನ ಕೈಯಲ್ಲಿದ್ದದ್ದನ್ನು ಮಗನಿಗೆ ಬಿಟ್ಟು ತಮ್ಮನಿಗೆ ಬಿಟ್ಟುಕೊಡುತ್ತಾನೆ?

ಗುಂಡಿಗಳನ್ನೆಲ್ಲ ಇಟ್ಟಾದ ಮೇಲೆ ಪಾನಿ ಕೈಯಲ್ಲಿ ಒಂದು ಸಣ್ಣ ಬಿಳಿ ಗುಂಡಿ ಉಳಿಯಿತು. ಅದನ್ನು ಅಪ್ಪನ ಅಂಗೈ ಮೇಲೆ ಇಟ್ಟರು. ಇವನು ಕಾಝಿಮಿಯೆಶ್, ಎಲ್ಲರಿಗಿಂತ ಚಿಕ್ಕವನು, ಅಪ್ಪ ಸತ್ತ ವರ್ಷವೇ ಹುಟ್ಟಿದವನು, ಇವನಿಗೆ ಜಾಗವಿಲ್ಲ, ನೀವೇ ಇಟ್ಟುಕೊಂಡಿರಿ, ನಾನು ಕೇಳಿದಾಗ ಕೊಡಿ ಅಂದರು. ಅಪ್ಪ ಮುಷ್ಟಿ ಮಡಿಸಿ, ಆ ಕೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡರು. "ಯಾಕಂತೆ ಕೊಡಲಿಲ್ಲ, ಕೇಳು" ಅಂತ ನನಗೆ ಹೇಳಿದರು. ಕೇಳಿದೆ. ಹಳೆಯ ಕತೆಯೊಂದಿದೆಯಂತೆ. ಚಿಕ್ಕವನನ್ನು ಮರೆತಿರಾ ಅಂತ ಕೇಳಿದ್ದಕ್ಕೆ, ನಾಲ್ಕು ಗಾಲಿಯ ಗಾಡಿಗೆ ಓಡಿಸುವವನೊಬ್ಬ ಬೇಡವೇ ಅಂತ ದೊರೆ ಹೇಳಿದನಂತೆ. ಕಾಝಿಮಿಯೆಶ್ ಗೆದ್ದ ಮೇಲೆ ಹುಟ್ಟಿದ ಕತೆ ಅದು ಅಂತ ಪಾನಿಯೇ ಹೇಳಿದರು. ಅಪ್ಪ ಸತ್ತಾಗ ಅವನು ತೊಟ್ಟಿಲ ಕೂಸೋ, ಹೊಟ್ಟೆಯಲ್ಲಿದ್ದನೋ, ಅದೂ ಖಚಿತವಿಲ್ಲ.

ಇಷ್ಟೆಲ್ಲ ನಡೆದದ್ದು ವ್ರೊತ್ಸ್ವಾಫ್‌ನ ಸಂತ ಮೇರಿ ಮ್ಯಾಗ್ಡಲೀನ್ ಚರ್ಚಿನ ಪಕ್ಕದ ಬೆಂಚಿನ ಮೇಲೆ. ಅಲ್ಲಿ ಕೂರಿಸಿದ್ದಕ್ಕೂ ಕಾರಣವಿದೆ. ಆ ಚರ್ಚಿನ ದಕ್ಷಿಣ ಗೋಡೆಯಲ್ಲಿ ಕೆತ್ತನೆ ಕೆಲಸದ ಒಂದು ಹಳೆಯ ಕಲ್ಲಿನ ಬಾಗಿಲುವಾಡ ಇದೆ. ನಾನು ದಿನಾ ಟ್ರಾಮ್ ಹಿಡಿಯಲು ಅದರ ಮುಂದೆಯೇ ನಡೆಯುತ್ತೇನೆ. ಅದು ಈ ಚರ್ಚಿನದೇ ಅಲ್ಲವಂತೆ. ಒವ್ಬಿನ್ ಅನ್ನುವ ಕಡೆ ಇದ್ದ ಮಠದ್ದು. 1529ರಲ್ಲಿ ಮಠ ಕೆಡವಿದರು, 1546ರಲ್ಲಿ ಬಾಗಿಲನ್ನು ತಂದು ಇಲ್ಲಿ ಕೂರಿಸಿದರು. ಮಠ ಕಟ್ಟಿಸಿದವನು ಪ್ಯೊತ್ರ್ ವ್ವೊಸ್ತೊವಿತ್ಸ್, ಆ ಕಾಲದ ದೊಡ್ಡ ಶ್ರೀಮಂತ. ಅಣ್ಣತಮ್ಮಂದಿರ ಜಗಳದಲ್ಲಿ ಅವನು ಹಿರಿಯಣ್ಣ ವ್ಲಾಡಿಸ್ಲಾವ್‌ಗೆ ಎದುರು ಬಿದ್ದ. ವ್ಲಾಡಿಸ್ಲಾವ್ ಅವನನ್ನು ಹಿಡಿಸಿ, ಕಣ್ಣು ಕೀಳಿಸಿ, ನಾಲಿಗೆ ಕತ್ತರಿಸಿದ. ಮತ್ತೆ ಕಣ್ಣು. ಅಪ್ಪ ಅಣ್ಣನಿಗೆ ಮಾಡಿದ್ದನ್ನು ಮಗ ತನ್ನ ಮನೆತನದ ಹಿತೈಷಿಗೆ ಮಾಡಿದ. ಆ ಬಾಗಿಲಿನ ಕಂಬದ ಮೇಲಿನ ಬಳ್ಳಿ ಕೆತ್ತನೆಯನ್ನು ಅವತ್ತು ಮೊದಲ ಸಲ ಮುಟ್ಟಿ ನೋಡಿದೆ. ತಣ್ಣಗಿತ್ತು, ಅಂಚು ಸವೆದು ಮಸಿ ಹಿಡಿದಿತ್ತು.

ಜನ ತಿರುಗಿಬಿದ್ದರು. ಆರ್ಚ್‌ಬಿಷಪ್ ವ್ಲಾಡಿಸ್ಲಾವ್‌ನನ್ನು ಚರ್ಚಿನಿಂದ ಹೊರಗೆ ಹಾಕಿದ. 1146ರಲ್ಲಿ ಪೊಝ್ನಾನ್ ಹತ್ತಿರ ಸೋತು ದೇಶ ಬಿಟ್ಟ. ಅವನಿಗೆ ದೇಶಭ್ರಷ್ಟ ವ್ಲಾಡಿಸ್ಲಾವ್ ಅಂತಲೇ ಹೆಸರು ನಿಂತಿತು. ಅವನ ಹೆಂಡತಿ ಆಗ್ನೆಸ್‌ಳೇ ಗಂಡನಿಗೆ ಕಿವಿಯೂದಿ ಮನೆ ಮುರಿದಳು ಅಂತ ವೃತ್ತಾಂತಕಾರರು ಬರೆದರಂತೆ. ಇದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದಾಗ "ಎಲ್ಲಾ ಊರಲ್ಲೂ ಸೊಸೆ ಮೇಲೇ ಹಾಕ್ತಾರೆ" ಅಂದರು. ಪಾನಿಗೆ ಅನುವಾದ ಮಾಡಿ ಹೇಳಿದೆ. ಅವರು ಅಪ್ಪನ ಕೈ ಕುಲುಕಿದರು.

ಆಮೇಲೆ ಬ್ಝೆಗ್ ಕಡೆ ಹೊರಟೆವು. ವ್ರೊತ್ಸ್ವಾಫ್‌ನಿಂದ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಗುಂಡಿಗಳ ಆಟ ಮುಂದುವರಿಯಿತು. 1157ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ದಂಡೆತ್ತಿ ಬಂದ, ದೇಶಭ್ರಷ್ಟನ ಪರವಾಗಿ. ಗುಂಗುರುಕೂದಲ ಬೊಲೆಸ್ಲಾವ್ ಅವನಿಗೆ ಬಾಗಿ ರಾಜಿಯಾದ. ಒತ್ತೆಯಾಳಾಗಿ ಕಳಿಸಿದ್ದು ಯಾರನ್ನು? ಚಿಕ್ಕ ತಮ್ಮ ಕಾಝಿಮಿಯೆಶ್‌ನನ್ನು. ವ್ಲಾಡಿಸ್ಲಾವ್ 1159ರಲ್ಲಿ ಹೊರದೇಶದಲ್ಲೇ ಸತ್ತ. 1163ರಲ್ಲಿ ಅವನ ಮಕ್ಕಳು ಸಿಲೇಸಿಯಾಗೆ ವಾಪಸ್ ಬಂದರು. 1166ರಲ್ಲಿ ಸಂದೊಮಿಯೆಶ್‌ನ ಹೆನ್ರಿಕ್ ಪ್ರಶ್ಯನ್ನರ ಮೇಲಿನ ಯುದ್ಧದಲ್ಲಿ ಮಕ್ಕಳಿಲ್ಲದೆ ಸತ್ತ. ಅವನ ಪಾಲಿನಲ್ಲಿ ಒಂದು ತುಂಡು, ವಿಷ್ಲಿತ್ಸಾ, ಕಾಝಿಮಿಯೆಶ್‌ಗೆ ಬಂತು. ಪಾಲಿಗೆ ಬಂದದ್ದು ಪಂಚಾಮೃತ ಅಂತ ತೆಗೆದುಕೊಂಡ ಅಂತ ಕಾಣುತ್ತೆ. ಆಗ ಪಾನಿ ಗುಂಡಿ ಕೇಳಿದರು. ಅಪ್ಪ ಜೇಬಿನಿಂದ ತೆಗೆದು ವಿಷ್ಲಿತ್ಸಾ ಗಂಟಿನ ಮೇಲೆ ಇಟ್ಟರು. ಗುಂಡಿ ಬೆಚ್ಚಗಿತ್ತು ಅಂತ ಪಾನಿ ಎಲ್ಲರಿಗೂ ಹೇಳಿದರು.

1173ರಲ್ಲಿ ಗುಂಗುರುಕೂದಲಿನವನು ಸತ್ತ, ಮ್ಯೆಷ್ಕೊ ಹಿರೀಕನಾದ. 1177ರಲ್ಲಿ ಕ್ರಾಕುಫ್‌ನ ದೊಡ್ಡವರು ಅವನನ್ನು ಓಡಿಸಿ ಕಾಝಿಮಿಯೆಶ್‌ನನ್ನು ಕರೆತಂದು ಕೂರಿಸಿದರು. ಪಾಲೇ ಇಲ್ಲದವನು ಮೂಲ ಮನೆಯಲ್ಲಿ ಕೂತ. ಬಿಳಿ ಗುಂಡಿಯನ್ನು ಕ್ರಾಕುಫ್‌ಗೆ ಸರಿಸಿದ್ದು ಅಪ್ಪನೇ. ಹಿರೀಕ ಅನ್ನುವ ನಿಯಮಕ್ಕೆ ಅಲ್ಲಿಗೆ ಬಲವಾದ ಪೆಟ್ಟು ಬಿತ್ತು. ಮ್ಯೆಷ್ಕೊ ಮಾತ್ರ ಸುಮ್ಮನಾಗಲಿಲ್ಲ, 1202ರಲ್ಲಿ ಸಾಯುವವರೆಗೂ ಕ್ರಾಕುಫ್ ನನ್ನದು ಅಂತ ಹೋಗುತ್ತಾ ಬರುತ್ತಾ ಇದ್ದ. ಮುದುಕ ಮ್ಯೆಷ್ಕೊ ಅಂತಲೇ ಹೆಸರು ಅವನಿಗೆ.

ಬ್ಝೆಗ್ ಕೋಟೆಯ ಹೆಬ್ಬಾಗಿಲಿನ ಬಗ್ಗೆ ಎಷ್ಟು ಬರೆದರೂ ಕಡಿಮೆ. 1550ರ ದಶಕದ್ದು. ನಡುವೆ ಡ್ಯೂಕ್ ಎರಡನೇ ಯೆಝಿ ಮತ್ತು ಅವನ ಹೆಂಡತಿ ಬಾರ್ಬರಾ, ಆಳೆತ್ತರದ ಕಲ್ಲಿನ ವಿಗ್ರಹಗಳು. ಅವರ ಮೇಲೆ ಎರಡು ಸಾಲಿನಲ್ಲಿ ಪೂರ್ವಿಕರ ಎದೆಮಟ್ಟದ ಮೂರ್ತಿಗಳು, ಒಟ್ಟು 24. ಮೇಲಿನ ಸಾಲು ಪೋಲೆಂಡ್ ಆಳಿದ ಪಿಯಾಸ್ಟರದು. ಕೆಳಗಿನ ಸಾಲು ಸಿಲೇಸಿಯಾ ಕವಲಿನದು, ಅದು ಶುರುವಾಗುವುದು ನಮ್ಮ ದೇಶಭ್ರಷ್ಟ ವ್ಲಾಡಿಸ್ಲಾವ್‌ನಿಂದ. ಬೆಳಿಗ್ಗೆಯಿಂದ ಗುಂಡಿಯಾಗಿದ್ದವನಿಗೆ ಅಲ್ಲಿ ಗಡ್ಡ, ಮುಖ ಎಲ್ಲ ಬಂತು. ಹೊರಗೆ ಹಾಕಿಸಿಕೊಂಡವನ ಮೊಮ್ಮಕ್ಕಳ ಮಕ್ಕಳು ನಾಲ್ಕು ಶತಮಾನ ಕಳೆದ ಮೇಲೂ ಇವನೇ ನಮ್ಮ ಮೂಲಪುರುಷ ಅಂತ ಮನೆ ಬಾಗಿಲ ಮೇಲೆ ಕೆತ್ತಿಸಿಕೊಂಡಿದ್ದಾರೆ. ಕತ್ತೆತ್ತಿ ನೋಡುತ್ತಾ ನಿಂತವಳಿಗೆ ಕುತ್ತಿಗೆ ನೋವು ಬಂದದ್ದೂ ಗೊತ್ತಾಗಲಿಲ್ಲ. ಒಳಗೆ ಸಿಲೇಸಿಯಾ ಪಿಯಾಸ್ಟರ ಮ್ಯೂಸಿಯಂ ಇದೆ, ಒಂದು ಗಂಟೆ ಬೇಕು.

ಊಟ ಅದೇ ಊರಲ್ಲಿ, ಅವರೇ ಗೊತ್ತು ಮಾಡಿದ್ದ ಒಂದು ಸಣ್ಣ ಹೋಟೆಲಿನಲ್ಲಿ. ಇಲ್ಲಿ ಒಂದು ದೂರು. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆದಿದ್ದೆ, ಅಲ್ಲಿಗೆ ಹೋದರೆ ಯಾರಿಗೂ ಗೊತ್ತಿಲ್ಲ. ಮೊದಲು ತಂದಿಟ್ಟ ಸೂಪಿನಲ್ಲಿ ಸಾಸೇಜ್ ತುಂಡು. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕೊನೆಗೆ ಆಲೂಗಡ್ಡೆ, ಗಿಣ್ಣು ತುಂಬಿದ ಪಿಯೆರೋಗಿ ಮಾಡಿಕೊಟ್ಟರು, ಹಿಟ್ಟಿನಲ್ಲಿ ಮೊಟ್ಟೆ ಇಲ್ಲ ಅಂತ ಅಡುಗೆಯವರನ್ನೇ ಕರೆದು ಕೇಳಿದ ಮೇಲೆ ತಿಂದರು. ಮನೆಯಿಂದ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಊಟದ ಮೇಜಿನ ಮೇಲೆ ಮುಂದಿನ ತಲೆಮಾರಿನ ಪಾಲು. ನನ್ನ ಪ್ರಕಾರ ಇಡೀ ದಿನದ ಅತ್ಯುತ್ತಮ ಭಾಗ ಇದು. ದೇಶಭ್ರಷ್ಟನ ಮೊಮ್ಮಗ ಗಡ್ಡದ ಹೆನ್ರಿಕ್, ಅವನ ಮಗ ಧರ್ಮಿಷ್ಠ ಹೆನ್ರಿಕ್. ಅಪ್ಪ ಮಗ ಸೇರಿ ಒಡೆದ ನೆಲವನ್ನು ಬಹಳಷ್ಟು ಕೂಡಿಸಿದ್ದರು. ಗುಂಡಿಗಳು ಕಡಿಮೆಯಾಗುತ್ತಾ ಬಂದವು, ಇನ್ನೇನು ಒಂದಾಗುತ್ತದೆ ಅನ್ನುವಷ್ಟರಲ್ಲಿ 1241ರ ಏಪ್ರಿಲ್ 9. ಲೆಗ್ನಿತ್ಸಾ ಹತ್ತಿರ ಮಂಗೋಲರ ಎದುರು ಧರ್ಮಿಷ್ಠ ಹೆನ್ರಿಕ್ ಸತ್ತ. ಎಡಗಾಲಲ್ಲಿ ಆರು ಬೆರಳಿದ್ದದ್ದರಿಂದ ಶವ ಗುರುತು ಸಿಕ್ಕಿತು ಅಂತ ಪ್ರತೀತಿ. ಅವನ ಮಕ್ಕಳು ಮತ್ತೆ ಪಾಲಿಗೆ ಕೂತರು. ದೊಡ್ಡವನು ಬೊಲೆಸ್ಲಾವ್ ರೊಗಾತ್ಕಾಗೆ ಲೆಗ್ನಿತ್ಸಾ, ಬಿಳಿ ಹೆನ್ರಿಕ್‌ಗೆ ವ್ರೊತ್ಸ್ವಾಫ್. ಕೊನ್ರಾಡ್‌ನನ್ನು ಪಾದ್ರಿಯಾಗಲಿ ಅಂತ ಬೆಳೆಸಿದ್ದರು, ಪಾಲು ಕೇಳುವುದಿಲ್ಲ ಅಂತ ಲೆಕ್ಕ. ಅವನು ಬಂದು ನನ್ನದೆಲ್ಲಿ ಅಂದ. 1251ರ ಹೊತ್ತಿಗೆ ಗ್ಲೊಗುಫ್ ಅವನದಾಯಿತು. ಇನ್ನೊಬ್ಬ ತಮ್ಮ ಮಾತ್ರ ಚರ್ಚಿನಲ್ಲೇ ಉಳಿದು ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಆದ.

ರೊಗಾತ್ಕಾ ತಮ್ಮನ ಮೇಲೆ ಕಾದಾಡಲು ಸಹಾಯ ಬೇಕು ಅಂತ ಲುಬುಶ್ ಸೀಮೆಯನ್ನು ಮಾಗ್ಡೆಬರ್ಗ್ ಆರ್ಚ್‌ಬಿಷಪ್‌ಗೆ ಬಿಟ್ಟುಕೊಟ್ಟ. ಓಡ್ರಾ ದಂಡೆಯ ಆ ಊರು ಈಗ ಜರ್ಮನಿಯಲ್ಲಿದೆ, ಲೆಬುಸ್ ಅಂತ ಹೆಸರು. ಪಾನಿ ಇದನ್ನು ಹೇಳುವಾಗ ಎದುರು ಕೂತ ಜರ್ಮನ್ ಅಕ್ಕ "ನಮ್ಮ ಅಜ್ಜಿಯ ಊರು ಅಲ್ಲಿಂದ ಹತ್ತು ಕಿಲೋಮೀಟರ್" ಅಂದರು. ಮೇಜಿನಲ್ಲಿ ಎಲ್ಲರೂ ಒಂದು ಗಳಿಗೆ ಮಾತು ನಿಲ್ಲಿಸಿದೆವು. ದಾಯಾದಿ ಜಗಳದಲ್ಲಿ ಹೊರಗಿನವರ ಕೈಗೆ ಹೋದ ನೆಲ ಮತ್ತೆ ಬರುವುದಿಲ್ಲ, ಇದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಮುಂದಿನದು ಇನ್ನೂ ಘೋರ. 1277ರಲ್ಲಿ ರೊಗಾತ್ಕಾ ತನ್ನ ತಮ್ಮನ ಮಗ ನಾಲ್ಕನೇ ಹೆನ್ರಿಕ್‌ನನ್ನು ಅಪಹರಿಸಿ ಕೂಡಿಹಾಕಿದ, ಬಿಡಲು ನೆಲ ಬರೆಸಿಕೊಂಡ. 1290ರಲ್ಲಿ ಆ ಹೆನ್ರಿಕ್ ಮಕ್ಕಳಿಲ್ಲದೆ ಸತ್ತಾಗ ವ್ರೊತ್ಸ್ವಾಫ್‌ಗೆ ಇಬ್ಬರು ದಾಯಾದಿಗಳು. ಗ್ಲೊಗುಫ್‌ನ ಹೆನ್ರಿಕ್‌ಗೆ ಸತ್ತವನ ಮರಣಶಾಸನ ಇತ್ತು. ಲೆಗ್ನಿತ್ಸಾದ ದಪ್ಪ ಹೆನ್ರಿಕ್‌ಗೆ ಊರಿನವರ ಬೆಂಬಲ ಇತ್ತು. ಊರಿನವರೇ ಗೆದ್ದರು. 1293ರಲ್ಲಿ ಗ್ಲೊಗುಫ್‌ನವನು ದಪ್ಪ ಹೆನ್ರಿಕ್‌ನನ್ನು ಹಿಡಿಸಿ ಕಬ್ಬಿಣದ ಪಂಜರದಲ್ಲಿ ಹಾಕಿದ. ಸುಮಾರು ಆರು ತಿಂಗಳು. ನಿಲ್ಲಲೂ ಆಗದ, ಮಲಗಲೂ ಆಗದ ಅಳತೆಯ ಪಂಜರ. ನೆಲ, ಕೋಟೆ ಬಿಟ್ಟುಕೊಟ್ಟು 1294ರಲ್ಲಿ ಹೊರಗೆ ಬಂದವನು ಚೇತರಿಸಿಕೊಳ್ಳಲೇ ಇಲ್ಲ, 1296ರಲ್ಲಿ ತೀರಿಕೊಂಡ. ದೂರದ ನೆಂಟರೂ ಅಲ್ಲ, ಒಂದೇ ಅಜ್ಜನ ಮೊಮ್ಮಕ್ಕಳು ಇವರಿಬ್ಬರು. ಪಾನಿ ಎರಡು ಗುಂಡಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು.

ಹೆಸರುಗಳು ತಲೆ ತಿನ್ನುತ್ತವೆ, ಎಲ್ಲರೂ ಹೆನ್ರಿಕ್, ಬೊಲೆಸ್ಲಾವ್, ಕೊನ್ರಾಡ್. ಅದಕ್ಕೇ ಅಡ್ಡಹೆಸರು. ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ನಾವು ಮಾಡುವುದೂ ಅದೇ. ಅಪ್ಪ ಮಧ್ಯಾಹ್ನದ ಹೊತ್ತಿಗೆ ಗಡ್ಡದವನು, ದಪ್ಪನವನು ಅಂತ ಕನ್ನಡದಲ್ಲೇ ಹೇಳಿ ಬೆರಳು ತೋರಿಸುತ್ತಿದ್ದರು, ಪಾನಿಗೆ ಅರ್ಥವಾಗುತ್ತಿತ್ತು. ಎಲ್ಲರಿಗೂ ನಾಲ್ಕು ಮಡಿಕೆಯ ವಂಶವೃಕ್ಷದ ಹಾಳೆ ಕೊಡುತ್ತಾರೆ. ವಿಷಯ ಚೆನ್ನಾಗಿದೆ, ಅಕ್ಷರ ಮಾತ್ರ ತೀರಾ ಸಣ್ಣದು. ಅಪ್ಪನಿಗೆ ಕನ್ನಡಕ ಹಾಕಿದರೂ ಓದಲಾಗಲಿಲ್ಲ. ಇದನ್ನು ದೊಡ್ಡದಾಗಿ ಮುದ್ರಿಸಲೇಬೇಕು.

ಮಧ್ಯೆ ಅಪ್ಪ ಇನ್ನೊಂದು ಪ್ರಶ್ನೆ ಹಾಕಿದರು. "ಹೆಣ್ಣುಮಕ್ಕಳಿಗೆ ಏನು ಕೊಟ್ಟ ಅಂತ ಕೇಳಮ್ಮ." ಸಲೊಮೆಯಾಗೆ ಹೆಣ್ಣುಮಕ್ಕಳೂ ಇದ್ದರು. ನೆಲದ ಪಾಲಿಲ್ಲ, ಮದುವೆ ಮಾಡಿ ಕಳಿಸುವುದು ಇಲ್ಲವೇ ಮಠಕ್ಕೆ ಸೇರಿಸುವುದು. ಅಮ್ಮನ ವೆಂಚಿತ್ಸಾ ಕೂಡ 1144ರಲ್ಲಿ ಅವಳು ಸತ್ತ ಮೇಲೆ ಹಿರೀಕನಿಗೆ ಹೋಗಬೇಕು ಅನ್ನುವುದೇ ಜಗಳಕ್ಕೆ ಎಣ್ಣೆ ಸುರಿಯಿತು. ಉತ್ತರ ಚೆನ್ನಾಗಿ ಕೊಟ್ಟರು, ಆದರೆ ಕೇಳಿದ ಮೇಲೆ ಕೊಟ್ಟರು. ಡಬ್ಬಿಯಲ್ಲಿ ಹೆಣ್ಣುಮಕ್ಕಳಿಗೆ ಒಂದೂ ಗುಂಡಿ ಇಲ್ಲ. ಇದು ನನಗೆ ಕೊರತೆ ಅನ್ನಿಸಿತು, ಅವರಿಗೂ ಹೇಳಿದೆ.

ವಾಪಸ್ ವ್ರೊತ್ಸ್ವಾಫ್ ದಾಟುವಾಗ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇಳಿಸಿ, ಅಪಹರಣವಾಗಿದ್ದ ಆ ನಾಲ್ಕನೇ ಹೆನ್ರಿಕ್‌ನ ಸಮಾಧಿ ತೋರಿಸಿದರು. ಕಲ್ಲಿನ ಮೇಲೆ ಮಲಗಿದ್ದಾನೆ, ಗುರಾಣಿ ಮೇಲೆ ಹದ್ದು, ಬಣ್ಣ ಇನ್ನೂ ಉಳಿದಿದೆ. ಸುತ್ತ ಬದಿಗಳಲ್ಲಿ ಶವಯಾತ್ರೆಗೆ ಬಂದವರ ಸಾಲು. ಇದಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಸಾಲದು.

ಕೊನೆಗೆ ಲೆಗ್ನಿತ್ಸಾ, ಪಶ್ಚಿಮಕ್ಕೆ ಒಂದು ಗಂಟೆಗೂ ಜಾಸ್ತಿ ದಾರಿ. ಅಷ್ಟರಲ್ಲಿ ಉಳಿದ ಪೋಲೆಂಡಿನ ಕತೆ ಬೇಗ ಬೇಗ ಮುಗಿಸಿದರು. 1320ರಲ್ಲಿ ಕಾಝಿಮಿಯೆಶ್‌ನ ಕವಲಿನ ಕುಳ್ಳ ವ್ಲಾಡಿಸ್ಲಾವ್ ಕ್ರಾಕುಫ್‌ನಲ್ಲಿ ಕಿರೀಟ ಧರಿಸಿದ. 1138ರಿಂದ ಲೆಕ್ಕ ಹಾಕಿದರೆ 182 ವರ್ಷ. ಪಾಲಿಲ್ಲದ ಕೂಸಿನ ಮರಿಮೊಮ್ಮಗನೇ ರಾಜ್ಯ ಕೂಡಿಸಿದ. ಹಿರಿಯಣ್ಣನ ಸಿಲೇಸಿಯಾ ಮಾತ್ರ ಸೇರಲಿಲ್ಲ, 1320ರ ದಶಕದ ಕೊನೆಗೆ ಅಲ್ಲಿನ ಹೆಚ್ಚಿನ ಡ್ಯೂಕರು ಬೊಹೆಮಿಯಾ ರಾಜನಿಗೆ ತಲೆಬಾಗಿದ್ದರು. ಬಟ್ಟೆ ಮೇಲೆ ಆ ಮೂಲೆಯಲ್ಲಿ ಗುಂಡಿ ಇಡಲು ಜಾಗವೇ ಇರಲಿಲ್ಲ, ಅಷ್ಟು ತುಂಡು. ಪಂಜರ ಮಾಡಿಸಿದ ಹೆನ್ರಿಕ್‌ಗೇ ಐದು ಗಂಡುಮಕ್ಕಳು, ಐವರಿಗೂ ಪಾಲು ಬೇಕು.

ಲೆಗ್ನಿತ್ಸಾದ ಸಂತ ಜಾನ್ ಚರ್ಚಿನಲ್ಲಿ ಪಿಯಾಸ್ಟರ ಸ್ಮಾರಕ ಮಂಟಪ. ಕೊನೆಯ ಡ್ಯೂಕ್ ಯೆಝಿ ವಿಲ್ಹೆಲ್ಮ್ 1675ರಲ್ಲಿ ಸತ್ತ, ಹದಿನೈದು ವರ್ಷ, ಸಿಡುಬು. ಪಾಲು ಕೇಳುವ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನೆಲವೆಲ್ಲ ಹಾಬ್ಸ್‌ಬರ್ಗ್ ಚಕ್ರವರ್ತಿಗೆ ಹೋಯಿತು. ಅಮ್ಮ ಲುದ್ವಿಕಾ ಈ ಮಂಟಪ ಕಟ್ಟಿಸಿದಳು. ಗಂಡ, ತಾನು, ಮಗಳು ಕರೊಲಿನಾ, ಮಗ, ನಾಲ್ವರ ವಿಗ್ರಹ, ಒಂದು ಕೋಣೆಯಲ್ಲಿ ಮಾತಾಡುತ್ತಾ ನಿಂತ ಹಾಗೆ. ನಾನು ಹುಡುಗನ ಮುಖವನ್ನೇ ಜಾಸ್ತಿ ಹೊತ್ತು ನೋಡಿದೆ. ಹೊರಡಲು ಕರೆದರು. ಅರ್ಧ ಗಂಟೆಯೂ ಸಿಗಲಿಲ್ಲ, ಬೆಳಕೂ ಇಳಿಯುತ್ತಿತ್ತು. ನನ್ನ ಅರ್ಧ ಅಂಕ ಹೋದದ್ದು ಇದಕ್ಕೇ. ಲೆಗ್ನಿತ್ಸಾಗೆ ಬೇರೆಯೇ ದಿನ ಬೇಕು, ಬ್ಝೆಗ್ ಮತ್ತು ವ್ರೊತ್ಸ್ವಾಫ್ ಒಂದು ದಿನಕ್ಕೆ ಸರಿಹೋಗುತ್ತದೆ.

ಹೋಗುವವರಿಗೆ ಎರಡು ಮಾತು. ವ್ಯಾನಿನ ಹಿಂದಿನ ಸಾಲಿನಲ್ಲಿ ಕೂತರೆ ಬಟ್ಟೆ ಕಾಣುವುದಿಲ್ಲ, ಬೇಗ ಹೋಗಿ ಮುಂದೆ ಕೂರಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕಣ್ಣು ಕಿತ್ತ ಕತೆ, ಪಂಜರದ ಕತೆ ಬೇಡ. ಹಿರಿಯರನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು, ನಡಿಗೆ ಕಡಿಮೆ, ಕೂರಲು ಎಲ್ಲ ಕಡೆ ಜಾಗವಿದೆ, ಮತ್ತು ಅವರು ಕೇಳುವ ಪ್ರಶ್ನೆಗಳೇ ಪಾನಿಗೆ ಹೆಚ್ಚು ಇಷ್ಟ.

ಇಳಿಯುವಾಗ ಅಪ್ಪ ವಂಶವೃಕ್ಷದ ಹಾಳೆ ಇನ್ನೊಂದು ಪ್ರತಿ ಕೇಳಿ ತೆಗೆದುಕೊಂಡರು, ಊರಲ್ಲಿರುವ ಚಿಕ್ಕಪ್ಪನಿಗೆ ಅಂತ. ಪಾನಿ ಗಡ್ಡದ ಹೆನ್ರಿಕ್ ಕಟ್ಟಿಸಿದ ತ್ಶೆಬ್ನಿತ್ಸಾ ಮಠಕ್ಕೂ ಅರ್ಧ ದಿನದ ಪ್ರವಾಸ ನಡೆಸುತ್ತಾರಂತೆ. ಅಪ್ಪ ಹೊರಡುವ ಮುಂಚಿನ ಶನಿವಾರಕ್ಕೆ ಎರಡು ಸೀಟು ಹೇಳಿ ಬಂದಿದ್ದೇವೆ.